ರೆಜಾಂಗ್ ಲಾ: ಗುಡ್ಡ ಕೊಟ್ಟ ಸಾಕ್ಷಿ

ಸಾವಿರ ಮಾರ್ಟರ್ ಬಾಂಬುಗಳಲ್ಲಿ ಉಳಿದದ್ದು ಏಳೇ ಏಳು. 1963ರ ಫೆಬ್ರುವರಿಯಲ್ಲಿ ಲಡಾಖ್‌ನ ರೆಜಾಂಗ್ ಲಾ ಗುಡ್ಡ ಹತ್ತಿದ ತಂಡಕ್ಕೆ ಸಿಕ್ಕ ಲೆಕ್ಕವಿದು. ಮಾರ್ಟರ್‌ಗಳ ಸುತ್ತ ಅವುಗಳನ್ನು ಹಾರಿಸುತ್ತಿದ್ದ ಸೈನಿಕರ ದೇಹಗಳಿದ್ದವು. ಒಬ್ಬರ ಕೈಯಲ್ಲಿ ಬಾಂಬು ಹಾಗೇ ಇತ್ತು. ಅಲ್ಲಿಂದ ಆಚೆ, ಬಂಡೆಗಳ ನಡುವೆ ತೋಡಿಕೊಂಡ ಕಂದಕಗಳಲ್ಲಿ, ರೈಫಲ್ ಹಿಡಿದ ಭಂಗಿಯಲ್ಲೇ ಹೆಪ್ಪುಗಟ್ಟಿದ ದೇಹಗಳು ಸಾಲಾಗಿ ಸಿಕ್ಕವು. ಶುಶ್ರೂಷಾ ಸಹಾಯಕ ಧರ್ಮಪಾಲ್ ಸಿಂಗ್ ದಹಿಯಾ ಅವರ ಕೈಯಲ್ಲಿ ಸಿರಿಂಜ್ ಮತ್ತು ಬ್ಯಾಂಡೇಜ್ ಇದ್ದವು. ಗಾಯಾಳುವೊಬ್ಬರ ಆರೈಕೆಗೆ ತೊಡಗಿದ್ದಾಗಲೇ ಅವರು ಸತ್ತಿದ್ದರು.

ಇವರೆಲ್ಲ 13ನೇ ಕುಮಾಂವ್ ಬೆಟಾಲಿಯನ್‌ನ ಚಾರ್ಲಿ ಕಂಪನಿಯವರು. ಮೂರು ತಿಂಗಳ ಹಿಂದೆ, 1962ರ ನವೆಂಬರ್ 18ರ ಭಾನುವಾರ, ಸುಮಾರು 120 ಮಂದಿಯ ಈ ಕಂಪನಿ ಚೀನಾದ ಸೇನೆಯನ್ನು ಎದುರಿಸಿತ್ತು. ಗುಡ್ಡದ ಸೀಮೆಯ ಚುಶೂಲ್‌ನಲ್ಲಿರುವ ಸ್ಮಾರಕದ ಮೇಲೆ ಸತ್ತವರ 114 ಹೆಸರುಗಳಿವೆ. ಬದುಕಿ ಬಂದವರು ಬೆರಳೆಣಿಕೆಯಷ್ಟು ಮಂದಿ. ಅವರು ಬಂದು ನಡೆದದ್ದನ್ನು ಹೇಳಿದಾಗ ಸುಲಭಕ್ಕೆ ಯಾರೂ ನಂಬಲಿಲ್ಲ. ಕಂಪನಿಗೆ ಕಂಪನಿಯೇ ನಿಂತ ಜಾಗದಲ್ಲಿ ಕಾದಾಡಿ ಮುಗಿಯಿತು ಎಂಬ ಮಾತನ್ನು ನಂಬುವ ಸ್ಥಿತಿಯಲ್ಲಿ ಆ ದಿನಗಳ ದೇಶವೂ ಇರಲಿಲ್ಲ, ಸೇನೆಯೂ ಇರಲಿಲ್ಲ. ಕೊನೆಗೆ ಸಾಕ್ಷಿ ಹೇಳಿದ್ದು ಗುಡ್ಡ.

ರೆಜಾಂಗ್ ಲಾ ಕಥೆಯನ್ನು ಸಾಮಾನ್ಯವಾಗಿ 'ಕೊನೆಯ ಗುಂಡು, ಕೊನೆಯ ಸೈನಿಕ' ಎಂಬ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಸಾಲು ಸುಳ್ಳಲ್ಲ. ಆದರೆ ಆ ಗುಡ್ಡದ ಮೇಲೆ ಯಾರಿದ್ದರು, ಅವರಿಗೆ ಏನು ಕೊಟ್ಟು ಕಳುಹಿಸಲಾಗಿತ್ತು, ಏನು ಕೊಟ್ಟಿರಲಿಲ್ಲ ಎಂಬುದನ್ನೆಲ್ಲ ಅದು ಮರೆಮಾಡಿಬಿಡುತ್ತದೆ. ಆ ಸೈನಿಕರಿಗೆ ಸಲ್ಲಬೇಕಾದ ಗೌರವ ಈ ವಿವರಗಳಲ್ಲಿದೆ.

ಒಂದೇ ಸೀಮೆಯ ಮಕ್ಕಳು

ಪದಾತಿದಳದ ಬೆಟಾಲಿಯನ್ ಎಂದರೆ ಹೆಚ್ಚುಕಡಿಮೆ 800 ಸೈನಿಕರ ಸಂಸಾರ. ಅದರಲ್ಲಿ ನಾಲ್ಕು ರೈಫಲ್ ಕಂಪನಿಗಳು. ಪ್ರತಿ ಕಂಪನಿಯಲ್ಲಿ ಮೂರು ಪ್ಲಟೂನ್, ಪ್ರತಿ ಪ್ಲಟೂನ್‌ನಲ್ಲಿ ಹತ್ತು ಮಂದಿಯ ಆಸುಪಾಸಿನ ಮೂರು ಸೆಕ್ಷನ್. ಲೆಕ್ಕ ಕಾಗದದ ಮೇಲೆ ಹೀಗೆ. ಗುಂಡು ಹಾರುವಾಗ ಸೈನಿಕನಿಗೆ ಕಾಣುವುದು ಮಾತ್ರ ತನ್ನ ಸೆಕ್ಷನ್. ಎಡಕ್ಕೊಬ್ಬ, ಬಲಕ್ಕೊಬ್ಬ, ಹಿಂದೆ ಕೂಗಿ ಹೇಳುವ ನಾಯಕ್ ಅಥವಾ ಹವಾಲ್ದಾರ್. ಅವನು ನಿಲ್ಲುವುದು ಅವರ ಮುಖ ನೋಡಿಕೊಂಡು.

13 ಕುಮಾಂವ್ 1948ರಲ್ಲಿ ಹುಟ್ಟಿದ ಬೆಟಾಲಿಯನ್. ಕುಮಾಂವ್ ರೆಜಿಮೆಂಟ್‌ನ ಹೆಸರು ಹಿಮಾಲಯದ ತಪ್ಪಲಿನದ್ದಾದರೂ, ಈ ಬೆಟಾಲಿಯನ್ 1962ರ ಹೊತ್ತಿಗೆ ಪೂರ್ತಿ ಅಹೀರರದ್ದಾಗಿತ್ತು. ಚಾರ್ಲಿ ಕಂಪನಿಯ ಬಹುತೇಕರು ರೇವಾಡಿ, ಮಹೇಂದ್ರಗಢ, ಗುಡಗಾಂವ್ ಕಡೆಯ ಹಳ್ಳಿಗಳವರು. ಇವತ್ತು ಆ ಊರುಗಳು ಹರಿಯಾಣದಲ್ಲಿವೆ; ಆಗ ಹರಿಯಾಣ ರಾಜ್ಯವೇ ಇರಲಿಲ್ಲ, ಅದೆಲ್ಲ ಪಂಜಾಬ್. ಬೇಸಿಗೆಯಲ್ಲಿ ಬಿಸಿಗಾಳಿ ಬೀಸುವ, ಗೋಧಿ, ಸಾಸಿವೆ, ಸಜ್ಜೆ ಬೆಳೆಯುವ ಬಯಲು ಸೀಮೆ. ದನ ಸಾಕುವ, ಹೊಲ ಉಳುವ, ಕುಸ್ತಿ ಆಡುವ ಕುಟುಂಬಗಳು. ಹಿಮವನ್ನು ಹತ್ತಿರದಿಂದ ನೋಡಿದವರು ಅವರಲ್ಲಿ ಕಡಿಮೆ.

ಕಂಪನಿಯೊಳಗೆ ನೆಂಟಸ್ತನಗಳೂ ಇದ್ದವು. ನಾಯಕ್ ಗುಲಾಬ್ ಸಿಂಗ್ ಮತ್ತು ಲ್ಯಾನ್ಸ್ ನಾಯಕ್ ಸಿಂಗ್ ರಾಮ್ ಸಂಬಂಧಿಕರು. ಸಿಂಗ್ ರಾಮ್ ಹೆಸರುವಾಸಿ ಕುಸ್ತಿಪಟು. ಮೂರು ಪ್ಲಟೂನ್‌ಗಳ ಹೊಣೆ ಜಮಾದಾರ್ ಸುರ್ಜಾ, ಜಮಾದಾರ್ ಹರಿ ರಾಮ್ ಮತ್ತು ಜಮಾದಾರ್ ರಾಮ್ ಚಂದರ್ ಅವರದ್ದು. ಆ ಕಾಲದ ಜಮಾದಾರ್ ಹುದ್ದೆಯನ್ನೇ ಈಗ ನಾಯಬ್ ಸುಬೇದಾರ್ ಎನ್ನುತ್ತಾರೆ.

ಕಂಪನಿಯ ಮುಖ್ಯಸ್ಥ ಮೇಜರ್ ಶೈತಾನ್ ಸಿಂಗ್ ಮಾತ್ರ ಬೇರೆ ಸೀಮೆಯವರು. ಜೋಧಪುರದ ಬಾನಾಸರ್ ಹಳ್ಳಿಯಲ್ಲಿ 1924ರ ಡಿಸೆಂಬರ್ 1ರಂದು ಹುಟ್ಟಿದ ರಜಪೂತ. ತಂದೆ ಹೇಮ್ ಸಿಂಗ್ ಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿದ್ದವರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನ ರಣರಂಗ ಕಂಡವರು. ಮಗ ಮೊದಲು ಜೋಧಪುರ ಸಂಸ್ಥಾನದ ಸೇನೆಗೆ ಸೇರಿ, ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಕುಮಾಂವ್ ರೆಜಿಮೆಂಟ್‌ಗೆ ಬಂದರು. 1962ರ ಜೂನ್‌ನಲ್ಲಷ್ಟೇ ಮೇಜರ್ ಆಗಿದ್ದರು.

ಚುಶೂಲ್‌ನ ಬಾಗಿಲು

ನಕ್ಷೆ ನೋಡಿದರೆ ಚುಶೂಲ್ ಯಾಕೆ ಬೇಕಿತ್ತು ಎಂಬುದು ಬೇಗ ಅರ್ಥವಾಗುತ್ತದೆ. ಪಾಂಗಾಂಗ್ ಸರೋವರದ ದಕ್ಷಿಣಕ್ಕೆ, ಸಮುದ್ರಮಟ್ಟದಿಂದ 14,000 ಅಡಿಗೂ ಎತ್ತರದಲ್ಲಿ ಹಾಸಿಕೊಂಡಿರುವ ಬಯಲು ಕಣಿವೆ ಅದು. ಅಲ್ಲೊಂದು ಹಳ್ಳಿ, ಒಂದು ವಿಮಾನ ಇಳಿದಾಣ, ಲೇಹ್‌ನಿಂದ ಆಗಷ್ಟೇ ಬಂದು ಮುಟ್ಟಿದ್ದ ರಸ್ತೆ. ಪೂರ್ವಕ್ಕೆ ಗುಡ್ಡಗಳ ಸಾಲು. ಆ ಸಾಲಿನಲ್ಲಿ ಒಂದೇ ಒಂದು ದೊಡ್ಡ ಸಂದು: ಸ್ಪಾಂಗುರ್ ಗ್ಯಾಪ್. ಅದರಾಚೆ ಚೀನಾದ ಸೇನೆ ತನ್ನ ಲಾರಿಗಳು ಓಡುವ ರಸ್ತೆ ಮಾಡಿಕೊಂಡಿತ್ತು. ಸಂದಿನ ಉತ್ತರಕ್ಕೆ ಗುರುಂಗ್ ಹಿಲ್, ದಕ್ಷಿಣಕ್ಕೆ ಮಗ್ಗರ್ ಹಿಲ್, ಇನ್ನೂ ದಕ್ಷಿಣಕ್ಕೆ ರೆಜಾಂಗ್ ಲಾ. ಈ ಗುಡ್ಡಗಳು ಕೈಬಿಟ್ಟರೆ ಇಳಿದಾಣ ಹೋದಂತೆ. ಇಳಿದಾಣ ಹೋದರೆ ಲೇಹ್ ಕಡೆಯ ದಾರಿ ತೆರೆದಂತೆ.

ಅಕ್ಟೋಬರ್ 20ರಂದು ಭಾರತ-ಚೀನಾ ಗಡಿಯ ಪೂರ್ವದಲ್ಲೂ ಪಶ್ಚಿಮದಲ್ಲೂ ಒಟ್ಟಿಗೇ ಯುದ್ಧ ಶುರುವಾಯಿತು. ಪಾಂಗಾಂಗ್‌ನ ಉತ್ತರ ದಂಡೆಯ ಸಿರಿಜಾಪ್‌ನಂಥ ಸಣ್ಣ ಸಣ್ಣ ಭಾರತೀಯ ಠಾಣೆಗಳು ಮೊದಲ ದಿನಗಳಲ್ಲೇ ಬಿದ್ದವು. ಸಿರಿಜಾಪ್‌ನಲ್ಲಿ 8ನೇ ಗೂರ್ಖಾ ರೈಫಲ್ಸ್‌ನ ಮೊದಲ ಬೆಟಾಲಿಯನ್‌ನ ಮೇಜರ್ ಧನ್ ಸಿಂಗ್ ಥಾಪಾ ಸತ್ತರೆಂದೇ ಎಲ್ಲರೂ ತಿಳಿದರು. ಅವರಿಗೆ ಪರಮವೀರ ಚಕ್ರ ಘೋಷಣೆಯಾದದ್ದೂ ಮರಣೋತ್ತರವಾಗಿ. ಅವರು ಯುದ್ಧಕೈದಿಯಾಗಿದ್ದು ಆಮೇಲೆ ಜೀವಂತ ಮರಳಿದರು. ಮುಂಚೂಣಿಯಿಂದ ಹಿಂದಕ್ಕೆ ಬರುವ ಸುದ್ದಿ ಆ ದಿನಗಳಲ್ಲಿ ಎಷ್ಟು ಹರಿದುಹೋಗಿತ್ತು ಎಂಬುದಕ್ಕೆ ಇದೊಂದೇ ಸಾಕು.

ಚುಶೂಲ್‌ನ ರಕ್ಷಣೆಗೆ 114ನೇ ಬ್ರಿಗೇಡ್ ನಿಂತಿತ್ತು. ಅದರ ಕಮಾಂಡರ್ ಬ್ರಿಗೇಡಿಯರ್ ಟಿ.ಎನ್. ರೈನಾ. 1975ರಲ್ಲಿ ಭೂಸೇನೆಯ ಮುಖ್ಯಸ್ಥರಾದವರು ಇವರೇ. ಕಾಶ್ಮೀರದ ಬಾರಾಮುಲ್ಲಾದಲ್ಲಿದ್ದ 13 ಕುಮಾಂವ್‌ಗೆ ಚುಶೂಲ್‌ಗೆ ಹೊರಡಲು ಆದೇಶ ಬಂತು. ಅಕ್ಟೋಬರ್‌ನ ಕೊನೆಯ ವಾರ ವಾಯುಪಡೆ ಅಸಾಧ್ಯವೆನಿಸಿದ್ದ ಕೆಲಸವೊಂದನ್ನು ಮಾಡಿತು: ಚಂಡೀಗಢದಿಂದ ಆನ್-12 ವಿಮಾನಗಳಲ್ಲಿ ಎಎಮ್‌ಎಕ್ಸ್-13 ಹಗುರ ಟ್ಯಾಂಕ್‌ಗಳನ್ನು ತಂದು ಚುಶೂಲ್‌ನ ಮಣ್ಣಿನ ಇಳಿದಾಣದಲ್ಲಿ ಇಳಿಸಿತು. 13ನೇ ಫೀಲ್ಡ್ ರೆಜಿಮೆಂಟ್‌ನ 25-ಪೌಂಡರ್ ಫಿರಂಗಿಗಳೂ ಬಂದವು. ಮಧ್ಯದ ಮೂರ್ನಾಲ್ಕು ವಾರ ಚೀನಾ ಸುಮ್ಮನಿತ್ತು. ಆ ಬಿಡುವಿನಲ್ಲಿ ಕಂದಕ ತೋಡಬೇಕಿತ್ತು.

ಫಿರಂಗಿಯ ಕೈಗೆಟುಕದ ಜಾಗ

ರೆಜಾಂಗ್ ಲಾ ಸುಮಾರು 16,000 ಅಡಿ ಎತ್ತರದ್ದು. ಉದ್ದ ಎರಡೂವರೆ ಕಿಲೋಮೀಟರಿಗೂ ಹೆಚ್ಚು. ಅಷ್ಟು ಅಗಲವಾದ ಜಾಗವನ್ನು ಒಂದೇ ಕಂಪನಿ ಕಾಯಬೇಕು. ಹಾಗಾಗಿ ಪ್ಲಟೂನ್‌ಗಳು ಒಂದರಿಂದ ಒಂದು ದೂರ ದೂರ ಕೂರಬೇಕಾಯಿತು. ನಡುವಿನ ಹಳ್ಳ, ಕೊರಕಲುಗಳನ್ನು ಕಾಯಲು ಆಳಿಲ್ಲ. ಕಾಲಾಳುಗಳನ್ನು ತಡೆಯುವ ನೆಲಬಾಂಬುಗಳೂ ಇರಲಿಲ್ಲ.

ಇದೆಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಚುಶೂಲ್‌ನ ಬಯಲಿನಲ್ಲಿ ನಿಲ್ಲಿಸಿದ್ದ ಫಿರಂಗಿಗಳಿಗೂ ರೆಜಾಂಗ್ ಲಾಕ್ಕೂ ನಡುವೆ ಗುಡ್ಡದ ನೆತ್ತಿ ಅಡ್ಡ ಬರುತ್ತಿತ್ತು. ಗುಂಡು ಅದನ್ನು ದಾಟಿ ಆಚೆಯ ಇಳಿಜಾರಿಗೆ ಬೀಳುವಂತಿರಲಿಲ್ಲ. ಗುರುಂಗ್ ಹಿಲ್‌ನವರಿಗೆ ಟ್ಯಾಂಕುಗಳೂ ಫಿರಂಗಿಗಳೂ ಒತ್ತಾಸೆಯಾಗಿ ನಿಂತವು. ಚಾರ್ಲಿ ಕಂಪನಿಗೆ ಸಿಕ್ಕಿದ್ದು ತನ್ನ ಜೊತೆಗೆ ಕೊಟ್ಟಿದ್ದ ಮೂರಿಂಚಿನ ಮಾರ್ಟರ್‌ಗಳು ಮಾತ್ರ. ಸಾವಿರ ಬಾಂಬುಗಳ ಲೆಕ್ಕಕ್ಕೆ ಅಷ್ಟೊಂದು ತೂಕ ಬರುವುದು ಇದರಿಂದಲೇ. ಆ ಗುಡ್ಡದಲ್ಲಿ ಅವರ ಪಾಲಿಗೆ ಇದ್ದ ಫಿರಂಗಿ ಎಂದರೆ ಆ ಮಾರ್ಟರ್‌ಗಳಷ್ಟೇ.

ಸೈನಿಕರ ಕೈಯಲ್ಲಿದ್ದದ್ದು .303 ಲೀ-ಎನ್‌ಫೀಲ್ಡ್ ರೈಫಲ್. ಎರಡು ಮಹಾಯುದ್ಧ ಕಂಡ ಬಂದೂಕು. ಒಂದು ಗುಂಡು ಹೊಡೆದು, ಕೈಯಿಂದ ಬೋಲ್ಟ್ ಎಳೆದು ದೂಡಿ, ಮತ್ತೆ ಗುರಿ ಹಿಡಿಯಬೇಕು. ಹತ್ತಿ ಬರುತ್ತಿದ್ದ ಎದುರಾಳಿಯ ಕೈಯಲ್ಲಿ ತಾನೇ ಮರುತುಂಬಿಕೊಳ್ಳುವ ಬಂದೂಕುಗಳಿದ್ದವು. ಚಳಿಯಲ್ಲಿ ಮರಗಟ್ಟಿದ ಬೆರಳಿಗೆ ಈ ವ್ಯತ್ಯಾಸ ಇನ್ನೂ ದೊಡ್ಡದು.

ಚಳಿಯೇ ಒಂದು ಶತ್ರು. ನವೆಂಬರ್‌ನಲ್ಲಿ ಅಲ್ಲಿ ರಾತ್ರಿಯ ಉಷ್ಣಾಂಶ ಸೊನ್ನೆಗಿಂತ ಇಪ್ಪತ್ತು ಡಿಗ್ರಿಗೂ ಕೆಳಕ್ಕೆ ಇಳಿಯುತ್ತದೆ, ಮೇಲೆ ಗಾಳಿ. ನೆಲ ಕಲ್ಲಾಗಿರುತ್ತದೆ, ಗುದ್ದಲಿಗೆ ಜಗ್ಗುವುದಿಲ್ಲ. ಬೇಳೆ ಬೇಯುವುದಿಲ್ಲ. ತೆಳುವಾದ ಗಾಳಿಯಲ್ಲಿ ನಾಲ್ಕು ಹೆಜ್ಜೆ ಹತ್ತಿದರೆ ಏದುಸಿರು. ಬಯಲು ಸೀಮೆಯ ಈ ಹುಡುಗರಿಗೆ ಇಂಥ ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳಲು ಸಿಕ್ಕ ಸಮಯ ತೀರಾ ಕಡಿಮೆ. ಅಲ್ಲಿನ ಚಳಿಗಾಲಕ್ಕೆ ತಕ್ಕ ಉಡುಪೂ ಇರಲಿಲ್ಲ. ಅಷ್ಟಾದರೂ ಕಲ್ಲು ಪೇರಿಸಿ ಗೋಡೆ ಕಟ್ಟಿದರು, ಕಂದಕ ತೋಡಿದರು, ಮಾರ್ಟರ್ ಬಾಂಬುಗಳನ್ನು ಹೊತ್ತು ತಂದು ಜೋಡಿಸಿಟ್ಟರು. ಮಾಡಲು ಸಾಧ್ಯವಿದ್ದ ಕೆಲಸವನ್ನೆಲ್ಲ ಅವರು ಮಾಡಿದ್ದರು ಎಂಬುದನ್ನು ಒತ್ತಿ ಹೇಳಬೇಕು.

ಭಾನುವಾರ ನಸುಕಿನಲ್ಲಿ

ನವೆಂಬರ್ 17ರ ರಾತ್ರಿ ಹಿಮ ಉದುರಿತು. ನಸುಕಿಗೆ ಮುಂಚೆ, ಕತ್ತಲು ಇನ್ನೂ ಗಟ್ಟಿಯಾಗಿದ್ದಾಗಲೇ, ಚೀನಾದ ಸೈನಿಕರು ಕೊರಕಲುಗಳ ಮೂಲಕ ಹತ್ತಿ ಬರುತ್ತಿರುವುದು ಕಾವಲಿನವರಿಗೆ ಗೊತ್ತಾಯಿತು. ಚಾರ್ಲಿ ಕಂಪನಿ ಗಡಿಬಿಡಿ ಮಾಡಲಿಲ್ಲ. ಹತ್ತಿರ ಬರುವ ತನಕ ಬಿಟ್ಟು, ಬೆಳಕು ಮೂಡಿ ಗುರಿ ಕಾಣುವ ಹೊತ್ತಿಗೆ ರೈಫಲ್, ಲೈಟ್ ಮೆಷಿನ್ ಗನ್, ಮಾರ್ಟರ್‌ಗಳಿಂದ ಒಟ್ಟಿಗೇ ಹೊಡೆಯಿತು. ಎದುರಿನಿಂದ ಬಂದ ಮೊದಲ ದಾಳಿಗಳು ಕೊರಕಲುಗಳಲ್ಲೇ ಮುರಿದುಬಿದ್ದವು.

ಆಮೇಲೆ ಚೀನಾದ ಫಿರಂಗಿ, ಭಾರೀ ಮಾರ್ಟರ್, ರಾಕೆಟ್‌ಗಳ ಸುರಿಮಳೆ ಶುರುವಾಯಿತು. ಬಂಕರ್‌ಗಳನ್ನು ಒಂದೊಂದಾಗಿ ಗುರಿಯಿಟ್ಟು ಒಡೆಯಲು ರಿಕಾಯಿಲ್‌ಲೆಸ್ ಗನ್‌ಗಳನ್ನು ಹೊತ್ತು ತಂದಿದ್ದರು. ಗಟ್ಟಿಯಾದ ಮಾಡಿಲ್ಲದ ಕಂದಕಗಳು ಕುಸಿದವು. ಬೆಟಾಲಿಯನ್ ಕೇಂದ್ರದ ಜೊತೆಗಿನ ದೂರವಾಣಿ ತಂತಿ ಕಡಿದುಹೋಯಿತು. ಎದುರಿನಿಂದ ಹತ್ತಲಾಗದು ಎಂದು ಅರಿತ ದಾಳಿಕೋರರು ಈಗ ಸುತ್ತು ಹಾಕಿ ಬದಿಯಿಂದ, ಹಿಂದಿನಿಂದ ಬಂದರು.

ಮುಂದೆ ನಡೆದದ್ದು ಪ್ಲಟೂನ್‌ಗಳ, ಸೆಕ್ಷನ್‌ಗಳ, ಕೊನೆಗೆ ಒಬ್ಬೊಬ್ಬರ ಯುದ್ಧ. 'ದಾದಾ ಕಿಶನ್ ಕೀ ಜೈ' ಎಂಬುದು ಅಹೀರ್ ಸೈನಿಕರ ರಣಘೋಷ. ಅದನ್ನು ಕೂಗುತ್ತಾ ಕಂದಕದಿಂದ ಹೊರಬಂದು ಕೈಕೈ ಮಿಲಾಯಿಸಿದರು. ಗುಲಾಬ್ ಸಿಂಗ್ ಮತ್ತು ಸಿಂಗ್ ರಾಮ್ ಎದುರಾಳಿಯ ಮೆಷಿನ್ ಗನ್ ಮೇಲೆ ನುಗ್ಗಿ ಸತ್ತರು. ಮಾರ್ಟರ್ ವಿಭಾಗದ ನಾಯಕ್ ರಾಮ್ ಕುಮಾರ್ ಯಾದವ್ ತೀವ್ರವಾಗಿ ಗಾಯಗೊಂಡ ಮೈಯನ್ನು ಎಳೆದುಕೊಂಡೇ ಗುಡ್ಡ ಇಳಿದು ಹಿಂದಿನ ನೆಲೆ ಮುಟ್ಟಿದರು. ಸಾವಿರ ಬಾಂಬುಗಳ ಲೆಕ್ಕವನ್ನು ಬಾಯಲ್ಲಿ ಹೇಳಬಲ್ಲವರಾಗಿ ಆ ವಿಭಾಗದಿಂದ ಬದುಕಿ ಬಂದವರು ಅವರು.

ಶೈತಾನ್ ಸಿಂಗ್ ಒಂದು ಪ್ಲಟೂನ್‌ನಿಂದ ಇನ್ನೊಂದಕ್ಕೆ ಬಯಲಲ್ಲೇ ಓಡಾಡುತ್ತಾ, ಖಾಲಿಯಾದ ಜಾಗಕ್ಕೆ ಜನರನ್ನು ಹೊಂದಿಸುತ್ತಾ ಇದ್ದರು. ಮೊದಲು ತೋಳಿಗೆ, ಆಮೇಲೆ ಹೊಟ್ಟೆಗೆ ಗುಂಡು ಬಿತ್ತು. ಜೊತೆಗಿದ್ದವರು ಅವರನ್ನು ಹೊತ್ತು ಇಳಿಸಲು ನೋಡಿದರು. ಹಾಗೆ ಹೊತ್ತವರಲ್ಲೊಬ್ಬರಾದ ರಾಮಚಂದರ್ ಯಾದವ್ (ಜಮಾದಾರ್ ರಾಮ್ ಚಂದರ್ ಅಲ್ಲ) ಮುಂದಿನ ದಶಕಗಳಲ್ಲಿ ಮತ್ತೆ ಮತ್ತೆ ಹೇಳಿದ ಪ್ರಕಾರ, ಮೇಜರ್ ತಮ್ಮನ್ನು ಅಲ್ಲೇ ಬಿಟ್ಟು ಹೋಗಲು ಹೇಳಿದರು. ಬೆಟಾಲಿಯನ್‌ಗೆ ಹೋಗಿ, ಕಂಪನಿ ಹೇಗೆ ಕಾದಾಡಿತು ಎಂಬುದನ್ನು ತಿಳಿಸಬೇಕೆಂಬುದು ಅವರ ಕೊನೆಯ ಆದೇಶ. ರಾಮಚಂದರ್ ಅವರನ್ನು ಒಂದು ಬಂಡೆಯ ಮರೆಯಲ್ಲಿ ಮಲಗಿಸಿ ಇಳಿದರು.

ಬೆಳಗು ಕಳೆಯುವಷ್ಟರಲ್ಲಿ ರೆಜಾಂಗ್ ಲಾ ಬಿದ್ದಿತ್ತು. ಕೆಲವರು ಸೆರೆಯಾದರು. ಎರಡೂ ತೋಳಿಗೆ ಗುಂಡು ತಗುಲಿದ್ದ ಸಿಪಾಯಿ ನಿಹಾಲ್ ಸಿಂಗ್ ಸೆರೆ ಸಿಕ್ಕ ರಾತ್ರಿಯೇ ತಪ್ಪಿಸಿಕೊಂಡು ಬಂದರು. ಗುರುಂಗ್ ಹಿಲ್ ಕಾಯುತ್ತಿದ್ದ ಗೂರ್ಖಾಗಳ ಕಾಳಗ ಮರುದಿನವೂ ನಡೆಯಿತು. ಭಾರತದ ಪಡೆಗಳು ಕಣಿವೆಯ ಪಶ್ಚಿಮದ ಎತ್ತರಗಳಿಗೆ ಹಿಂದೆ ಸರಿದವು. ಚೀನಾ ಚುಶೂಲ್‌ನ ಬಯಲಿಗೆ ಇಳಿಯಲಿಲ್ಲ. ಹಳ್ಳಿಯೂ ಇಳಿದಾಣವೂ ಭಾರತದ ಕೈಯಲ್ಲೇ ಉಳಿದವು. ನವೆಂಬರ್ 21ರಂದು ಚೀನಾ ಏಕಪಕ್ಷೀಯವಾಗಿ ಕದನ ವಿರಾಮ ಘೋಷಿಸಿತು.

ನಂಬದ ಕಿವಿಗಳು

ರಾಮಚಂದರ್ ತಮಗೆ ವಹಿಸಿದ್ದ ಸುದ್ದಿಯನ್ನು ಮುಟ್ಟಿಸಿದರು. ಅದು ಕೇಳಿಸಿಕೊಂಡವರ ಮನಸ್ಸಿಗೆ ಇಳಿಯಲಿಲ್ಲ.

ಕಾರಣವಿದೆ. ಅದೇ ವಾರ ಈಶಾನ್ಯದಿಂದ ಬರುತ್ತಿದ್ದ ಸುದ್ದಿಗಳು ಒಂದಕ್ಕಿಂತ ಒಂದು ಕೆಟ್ಟವು. ಕುಮಾಂವ್ ರೆಜಿಮೆಂಟ್‌ನದ್ದೇ ಆರನೇ ಬೆಟಾಲಿಯನ್ ಕಾದಾಡಿದ್ದ ವಾಲಾಂಗ್ ನವೆಂಬರ್ 16ರಂದು ಕೈತಪ್ಪಿತ್ತು. ಸೇ ಲಾ, ಬೊಮ್ಡಿಲಾ ರಕ್ಷಣಾ ಸಾಲು 17, 18ರಲ್ಲಿ ಕುಸಿಯಿತು. ಸಾವಿರಾರು ಸೈನಿಕರು ದಿಕ್ಕೆಟ್ಟು ಹಿಂದಿರುಗುತ್ತಿದ್ದರು. ಅಂಥ ಹೊತ್ತಿನಲ್ಲಿ, ಒಂದು ಕಂಪನಿಯ ಒಬ್ಬರೂ ಜಾಗ ಬಿಡಲಿಲ್ಲ ಎಂದು ಬದುಕಿ ಬಂದ ನಾಲ್ಕಾರು ಮಂದಿ ಹೇಳಿದರೆ, ಕೇಳುವವರಿಗೆ ಹುಟ್ಟುವ ಮೊದಲ ಪ್ರಶ್ನೆ ಒಂದೇ: ಹಾಗಾದರೆ ನೀವು ಹೇಗೆ ಬಂದಿರಿ? ಓಡಿ ಬಂದವರು ಎಂಬ ಅನುಮಾನವನ್ನು ಹೊತ್ತುಕೊಂಡೇ ಅವರು ಆ ಚಳಿಗಾಲ ಕಳೆದರು. ಊರಿನಲ್ಲೂ ಅದು ಬಿಡಲಿಲ್ಲ ಎಂದು ಬದುಕುಳಿದವರು ಮುಂದೆ ಪತ್ರಕರ್ತರ ಮುಂದೆ ಹೇಳಿಕೊಂಡಿದ್ದಾರೆ. ಯುದ್ಧದಲ್ಲಿ ಗಾಯಗೊಂಡವನಿಗೆ ಸಿಗುವ ಎರಡನೆಯ ಗಾಯವಿದು. ಇದಕ್ಕೆ ಯಾವ ಪದಕವೂ ಇಲ್ಲ.

ಫೆಬ್ರುವರಿಯಲ್ಲಿ ಕುರಿ ಮೇಯಿಸುತ್ತಾ ಆ ಕಡೆ ಹೋದ ಲಡಾಖಿಯೊಬ್ಬರು ಹಿಮದ ನಡುವೆ ದೇಹಗಳನ್ನು ಕಂಡು ಸುದ್ದಿ ಕೊಟ್ಟರು. ಬ್ರಿಗೇಡಿಯರ್ ರೈನಾ ತಂಡದೊಡನೆ ಮೇಲೆ ಹೋದರು. ರೆಡ್ ಕ್ರಾಸ್‌ನವರೂ ಛಾಯಾಗ್ರಾಹಕರೂ ಇದ್ದರು. ಕಂಡದ್ದೆಲ್ಲ ಚಿತ್ರದಲ್ಲಿ ದಾಖಲಾಯಿತು. 96 ದೇಹಗಳು ಸಿಕ್ಕವು. ಬರಿದಾದ ಕಾಡತೂಸುಗಳ ರಾಶಿ, ಮುರಿದ ಬಂಕರ್‌ಗಳು, ಗುಂಡು, ಚೂರುಗಳಿಂದ ತೂತಾದ ಮೈಗಳು. ರಾಮಚಂದರ್ ಹೇಳಿದ್ದ ಜಾಗದಲ್ಲಿ, ಬಂಡೆಯ ಪಕ್ಕದಲ್ಲೇ, ಶೈತಾನ್ ಸಿಂಗ್ ಅವರ ದೇಹ ಸಿಕ್ಕಿತು. ನಾಲ್ಕಾರು ಮಂದಿ ಹೇಳಿದ್ದ ಮಾತುಗಳಲ್ಲಿ ಒಂದೊಂದೂ ನೆಲದ ಮೇಲೆ ತಾಳೆಯಾಯಿತು.

ಮೇಜರ್ ದೇಹವನ್ನು ಜೋಧಪುರಕ್ಕೆ ಒಯ್ದು ಸೇನಾ ಗೌರವಗಳೊಂದಿಗೆ ಅಂತ್ಯಸಂಸ್ಕಾರ ಮಾಡಿದರು. ಉಳಿದವರ ಚಿತೆಗಳು ಚುಶೂಲ್‌ನಲ್ಲೇ ಉರಿದವು. ಶೈತಾನ್ ಸಿಂಗ್ ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂತು. ಕಂಪನಿಗೆ ಎಂಟು ವೀರ ಚಕ್ರ: ಜಮಾದಾರರಾದ ಸುರ್ಜಾ, ಹರಿ ರಾಮ್, ರಾಮ್ ಚಂದರ್, ನಾಯಕ್‌ಗಳಾದ ಹುಕಮ್ ಚಂದ್, ಗುಲಾಬ್ ಸಿಂಗ್, ರಾಮ್ ಕುಮಾರ್ ಯಾದವ್, ಲ್ಯಾನ್ಸ್ ನಾಯಕ್ ಸಿಂಗ್ ರಾಮ್ ಹಾಗೂ ಶುಶ್ರೂಷಾ ಸಹಾಯಕ ಧರ್ಮಪಾಲ್ ಸಿಂಗ್ ದಹಿಯಾ. ಒಂದೇ ಕಂಪನಿಗೆ ಒಂದೇ ಬೆಳಗಿನ ಕಾಳಗಕ್ಕೆ ಇಷ್ಟು ಪದಕಗಳು ಸಂದದ್ದು ಅಪರೂಪ.

ಅಂದು ಸತ್ತ ಚೀನಾ ಸೈನಿಕರೆಷ್ಟು ಎಂಬ ವಾದ ಇಂದಿಗೂ ನಡೆಯುತ್ತದೆ. ಭಾರತದ ಬರಹಗಳಲ್ಲೇ ನೂರಾರು ಎಂಬುದರಿಂದ ಸಾವಿರ ದಾಟಿತು ಎಂಬ ತನಕ ಲೆಕ್ಕಗಳಿವೆ. ಚಾರ್ಲಿ ಕಂಪನಿಯ ಹಿರಿಮೆಗೆ ಆ ಸಂಖ್ಯೆಯ ಊರುಗೋಲು ಬೇಕಿಲ್ಲ. ಉಳಿದ ಏಳು ಬಾಂಬು, ಒಂದು ಸಿರಿಂಜ್, 114 ಹೆಸರು: ಇವು ಪರೀಕ್ಷೆಗೆ ನಿಂತು ಗೆದ್ದ ವಿವರಗಳು.

ಕೊಡಗಿನ ಜನರಲ್‌ನ ಎಚ್ಚರಿಕೆ

ಈ ಕಥೆಗೆ ಕರ್ನಾಟಕದ ಎಳೆಯೊಂದಿದೆ. ಕುಮಾಂವ್ ರೆಜಿಮೆಂಟ್‌ಗೆ ಆ ಹೆಸರು ಬಂದದ್ದು 1945ರಲ್ಲಿ. ಅದಕ್ಕೂ ಮೊದಲು ಅದು 19ನೇ ಹೈದರಾಬಾದ್ ರೆಜಿಮೆಂಟ್. ಮಡಿಕೇರಿಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಆ ರೆಜಿಮೆಂಟ್‌ನ ಯುವ ಅಧಿಕಾರಿಯಾಗಿ ಬೆಳೆದವರು. ಎರಡನೇ ಮಹಾಯುದ್ಧದಲ್ಲಿ ಅದರ ಎಂಟನೇ ಬೆಟಾಲಿಯನ್ನನ್ನು ಬರ್ಮಾದ ಅರಕಾನ್‌ನಲ್ಲಿ ಮುನ್ನಡೆಸಿ ಡಿಎಸ್‌ಒ ಪದಕ ಪಡೆದರು. ಬ್ರಿಟಿಷ್ ಅಧಿಕಾರಿಗಳೇ ಬೆಟಾಲಿಯನ್‌ಗಳನ್ನು ಆಳುತ್ತಿದ್ದ ಕಾಲದಲ್ಲಿ ಯುದ್ಧಭೂಮಿಯಲ್ಲಿ ಬೆಟಾಲಿಯನ್ ನಡೆಸಿದ ಬೆರಳೆಣಿಕೆಯ ಭಾರತೀಯರಲ್ಲಿ ಅವರೊಬ್ಬರು.

ಲಡಾಖ್‌ನ ಎತ್ತರ, ಚಳಿ ತಿಮ್ಮಯ್ಯನವರಿಗೆ ಹೊಸದಲ್ಲ. 1948ರ ನವೆಂಬರ್ 1ರಂದು ಜೋಜಿ ಲಾ ಕಣಿವೆದಾರಿಗೆ ಟ್ಯಾಂಕುಗಳನ್ನು ಏರಿಸಿ ಲೇಹ್ ದಾರಿ ತೆರೆಸಿದ್ದು ಅವರ ನಾಯಕತ್ವ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಕುಮಾಂವ್ ರೆಜಿಮೆಂಟ್‌ನ ಕರ್ನಲ್ ಎಂಬ ಗೌರವ ಪದವಿಯನ್ನೂ ಹೊತ್ತಿದ್ದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ 1959ರಲ್ಲಿ ರಾಜೀನಾಮೆ ಕೊಟ್ಟು, ನೆಹರೂ ಒತ್ತಾಯಕ್ಕೆ ಹಿಂಪಡೆದರು. ನಿವೃತ್ತಿಯ ನಂತರ, 1962ರ ಜುಲೈನಲ್ಲಿ, 'ಸೆಮಿನಾರ್' ಪತ್ರಿಕೆಯಲ್ಲಿ ಬರೆಯುತ್ತಾ, ಭಾರತ ಒಂಟಿಯಾಗಿ ಚೀನಾದೊಂದಿಗೆ ನೇರ ಯುದ್ಧಕ್ಕೆ ಇಳಿಯುವ ಸ್ಥಿತಿಯಲ್ಲಿಲ್ಲ ಎಂಬ ಅರ್ಥದ ಮಾತನ್ನು ಸೈನಿಕನಾಗಿ ನೇರವಾಗಿ ಹೇಳಿದ್ದರು. ನಾಲ್ಕು ತಿಂಗಳ ಬಳಿಕ ಅವರದ್ದೇ ರೆಜಿಮೆಂಟ್‌ನ ಒಂದು ಕಂಪನಿ ಹಳೆಯ ರೈಫಲ್ ಹಿಡಿದು ರೆಜಾಂಗ್ ಲಾ ಮೇಲೆ ನಿಂತಿತ್ತು. ಮಡಿಕೇರಿಯಲ್ಲಿ ಅವರು ಬೆಳೆದ ಮನೆ 'ಸನ್ನಿ ಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿಗೆ ಹೋಗುವವರು ಅರಕಾನ್, ಜೋಜಿ ಲಾಗಳ ಜೊತೆಗೆ ರೆಜಾಂಗ್ ಲಾವನ್ನೂ ನೆನೆಯಬೇಕು.

ಇನ್ನೂ ತೆರೆಯದ ಕಡತ

2020ರ ಆಗಸ್ಟ್ ಕೊನೆಯಲ್ಲಿ ರೆಜಾಂಗ್ ಲಾ ಮತ್ತೆ ಸುದ್ದಿಯಾಯಿತು. ಗಾಲ್ವಾನ್ ಸಂಘರ್ಷದ ಬಳಿಕ ಭಾರತೀಯ ಪಡೆಗಳು ಗುರುಂಗ್ ಹಿಲ್, ಮಗ್ಗರ್ ಹಿಲ್, ರೆಜಾಂಗ್ ಲಾ, ರೆಚಿನ್ ಲಾ ಎತ್ತರಗಳನ್ನು ಹಿಡಿದು ಕೂತವು. ಈ ಸಲ ಅವುಗಳ ಬೆನ್ನಿಗೆ ಟ್ಯಾಂಕುಗಳಿದ್ದವು, ವಿಮಾನಗಳಿದ್ದವು, ಚಳಿಗಾಲಕ್ಕೆ ತಕ್ಕ ಬಟ್ಟೆಯಿತ್ತು. ಈ ಎತ್ತರಗಳ ಬಲದಿಂದಲೇ ಮಾತುಕತೆ ಮುಂದುವರಿದು, 2021ರ ಫೆಬ್ರುವರಿಯಲ್ಲಿ ಎರಡೂ ಕಡೆಯವರು ಹಿಂದೆ ಸರಿದರು. 58 ವರ್ಷದ ಹಿಂದೆ ಒಂದೇ ಕಂಪನಿಗೆ ಒಪ್ಪಿಸಿದ್ದ ನೆಲದ ಬೆಲೆ ಏನೆಂಬುದು ಹೊಸ ತಲೆಮಾರಿಗೂ ತಿಳಿಯಿತು.

2021ರ ನವೆಂಬರ್ 18ರಂದು ಚುಶೂಲ್‌ನ ಸ್ಮಾರಕವನ್ನು ವಿಸ್ತರಿಸಿ, ನವೀಕರಿಸಿ ದೇಶಕ್ಕೆ ಅರ್ಪಿಸಲಾಯಿತು. ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅವರು 1962ರಲ್ಲಿ 13 ಕುಮಾಂವ್‌ನಲ್ಲಿದ್ದ ನಿವೃತ್ತ ಬ್ರಿಗೇಡಿಯರ್ ಆರ್.ವಿ. ಜಠಾರ್ ಅವರ ಗಾಲಿಕುರ್ಚಿಯನ್ನು ತಾವೇ ತಳ್ಳಿಕೊಂಡು ಬಂದರು. ಬೆಟಾಲಿಯನ್‌ನಲ್ಲಿ ಚಾರ್ಲಿ ಕಂಪನಿಯನ್ನು ಈಗ ರೆಜಾಂಗ್ ಲಾ ಕಂಪನಿ ಎಂದೇ ಕರೆಯುತ್ತಾರೆ. ರೇವಾಡಿಯಲ್ಲೂ ಸ್ಮಾರಕ ಎದ್ದಿದೆ. ಚಲನಚಿತ್ರಗಳೂ ಬಂದಿವೆ.

ಗೌರವದ ಬಾಬತ್ತಿನಲ್ಲಿ ದೇಶ ತಡವಾಗಿಯಾದರೂ ನಡೆದುಕೊಂಡಿದೆ. ಉತ್ತರದಾಯಿತ್ವದ ಬಾಬತ್ತಿನಲ್ಲಿ ಹಾಗಾಗಿಲ್ಲ. ಸೋಲಿನ ಕಾರಣ ಹುಡುಕಲು ಸೇನೆಯೇ ನೇಮಿಸಿದ ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪಿ.ಎಸ್. ಭಗತ್ 1963ರಲ್ಲೇ ವರದಿ ಕೊಟ್ಟರು. 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅದರ ಒಂದು ಭಾಗವನ್ನು ಹೊರಗೆಡವಿದರು. ಸರ್ಕಾರ ಮಾತ್ರ ಅದನ್ನು ಅಧಿಕೃತವಾಗಿ ಪ್ರಕಟಿಸಿಲ್ಲ; ಅದರ ವಿಷಯಗಳಿಗೆ ಇಂದಿಗೂ ಸೇನಾ ಮಹತ್ವವಿದೆ ಎಂಬುದು 2010ರಲ್ಲಿ ಸಂಸತ್ತಿನಲ್ಲಿ ಕೇಳಿಬಂದ ಉತ್ತರ. ಪಕ್ಷಗಳು ಬದಲಾದವು, ನಿಲುವು ಬದಲಾಗಲಿಲ್ಲ.

ಚಾರ್ಲಿ ಕಂಪನಿಗೆ ನೆಲಬಾಂಬು ಯಾಕೆ ಸಿಗಲಿಲ್ಲ, ಹಳೆಯ ರೈಫಲ್ ಯಾಕೆ ಬದಲಾಗಿರಲಿಲ್ಲ, ಬಯಲು ಸೀಮೆಯ ಸೈನಿಕರು ಹಿಮದ ಗುಡ್ಡಕ್ಕೆ ತಕ್ಕ ಉಡುಪಿಲ್ಲದೆ ಯಾಕೆ ಹೋಗಬೇಕಾಯಿತು? ಆ ವರ್ಷದ ಆಡಳಿತವನ್ನೂ ಸೇನಾ ನಾಯಕತ್ವವನ್ನೂ ಕೇಳಬೇಕಾದ ಪ್ರಶ್ನೆಗಳಿವು. ರಾಮಚಂದರ್ ಹೇಳಿದ ಮಾತು ನಿಜವೇ ಎಂದು ತಿಳಿಯಲು ಸೇನೆ ಮೂರು ತಿಂಗಳಲ್ಲಿ ಗುಡ್ಡ ಹತ್ತಿ, ಕ್ಯಾಮೆರಾ ಹಿಡಿದು, ಬಾಂಬು ಎಣಿಸಿ ನೋಡಿತು. ಅದೇ ಕಟ್ಟುನಿಟ್ಟು ದೆಹಲಿಯ ಕಡತಕ್ಕೂ ಅನ್ವಯಿಸಬೇಕು. 114 ಮನೆಗಳ ಈಗಿನ ತಲೆಮಾರಿಗೆ ಆ ವರದಿಯ ಪ್ರತಿ ಪುಟ ಓದುವ ಹಕ್ಕಿದೆ. ಅದನ್ನು ಪ್ರಕಟಿಸಲು ಬೇಕಿರುವುದು ಸರ್ಕಾರದ ಒಂದು ಆದೇಶ.